ಗೊಂಬೆಯನ್ನು ಕೊನೆಗೆ ನೋಡಿ: ಲೂಬಾ ಅಧಿಕಾರದಂಡ, ಅಸಲು ಮತ್ತು ನಕಲು

ಮಧ್ಯ ಆಫ್ರಿಕಾದ ಲೂಬಾ ಜನರ ನಾಯಕರು ಅಧಿಕಾರದ ಗುರುತಾಗಿ ಇಟ್ಟುಕೊಳ್ಳುತ್ತಿದ್ದ ಕೆತ್ತನೆಯ ಮರದ ಕೋಲೇ ಲೂಬಾ ದಂಡ. ಆ ಹೆಸರಿನಲ್ಲಿ ಇವತ್ತು ಮೂರು ಬಗೆಯ ಸರಕು ಮಾರಾಟಕ್ಕಿದೆ. ಪ್ರವಾಸಿಗರಿಗೆಂದು ರಾಶಿಗಟ್ಟಲೆ ಕೆತ್ತಿದ ಅಗ್ಗದ ಕೋಲು ಒಂದು. ಹಳೆಯ ಮಾದರಿಯನ್ನು ಎದುರಿಗಿಟ್ಟುಕೊಂಡು ನುರಿತ ಕೈ ಮಾಡಿದ ಪ್ರತಿಕೃತಿ ಇನ್ನೊಂದು. ಹರಾಜುಮನೆಗಳಲ್ಲಿ, ಹಳೆವಸ್ತು ವ್ಯಾಪಾರಿಗಳ ನಡುವೆ ಕೈಬದಲಾಗುವ ಹಳೆಯ ದಂಡ ಮೂರನೆಯದು. ಮೂರರ ತುದಿಯಲ್ಲೂ ಹೆಣ್ಣುಗೊಂಬೆ ಇರುತ್ತದೆ, ಕೊಳ್ಳುವವರ ಕಣ್ಣು ಮೊದಲು ಹೋಗುವುದೂ ಅಲ್ಲಿಗೇ. ನಕಲು ಮಾಡುವವರಿಗೆ ಇದು ಚೆನ್ನಾಗಿ ಗೊತ್ತಿರುವುದರಿಂದ ಶ್ರಮವನ್ನೆಲ್ಲ ಗೊಂಬೆಯ ಮುಖಕ್ಕೆ ಸುರಿದು, ಉಳಿದದ್ದನ್ನು ಕಾಟಾಚಾರಕ್ಕೆ ಮುಗಿಸುತ್ತಾರೆ. ಹಾಗಾಗಿ ದಂಡವನ್ನು ಅಳೆಯಬೇಕಾದದ್ದು ಕೆಳಗಿನಿಂದ ಮೇಲಕ್ಕೆ: ಮೊದಲು ಮೊನೆ, ಆಮೇಲೆ ಬೋಳು ಕೋಲು, ಆಮೇಲೆ ಅಗಲ ಹಲಗೆ, ಕೊನೆಗೆ ಗೊಂಬೆ.

ಈ ಕ್ರಮಕ್ಕೆ ಕಾರಣ ದಂಡದ ಕೆಲಸದಲ್ಲೇ ಇದೆ. ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಆಗ್ನೇಯದಲ್ಲಿ, ಲುವಾಲಾಬಾ ನದಿ ಮತ್ತು ಉಪೆಂಬಾ ತಗ್ಗಿನ ಸರೋವರಗಳ ಸುತ್ತ ಬೆಳೆದ ಲೂಬಾ ರಾಜ್ಯದಲ್ಲಿ ಇಂಥ ದಂಡದ ಹೆಸರು ಕಿಬಾಂಗೊ. ರಾಜದಂಡ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಸಿಂಹಾಸನದ ಮೇಲೆ ಕುಳಿತವನ ಕೈಯಲ್ಲಿರುವ ಮೊಳದುದ್ದದ ಚಿನ್ನದ ಕೋಲು. ಕಿಬಾಂಗೊ ಹಾಗಲ್ಲ. ಅದು ಮನುಷ್ಯನ ಎದೆಯೆತ್ತರಕ್ಕೋ ತಲೆಯೆತ್ತರಕ್ಕೋ ಬರುವ, ಸಭೆಯಲ್ಲಿ ಒಡೆಯನ ಪಕ್ಕದ ನೆಲಕ್ಕೆ ನೆಡುವ ಮರದ ದಂಡ. ಅರಸರಷ್ಟೇ ಅಲ್ಲ, ಅಧೀನ ನಾಯಕರೂ ಬಿರುದಾಂಕಿತ ಅಧಿಕಾರಿಗಳೂ ಅದನ್ನು ಇಟ್ಟುಕೊಳ್ಳುತ್ತಿದ್ದರು. ದಂಡ ಹಿಡಿದವನು ತನ್ನ ವಂಶ ಎಲ್ಲಿಂದ ಬಂತು, ಯಾವ ದಾರಿ ಹಿಡಿದು ಬಂತು, ತನಗೆ ಈ ಅಧಿಕಾರ ಯಾವ ಮೂಲದಿಂದ ಸಿಕ್ಕಿತು ಎಂಬುದನ್ನು ಅದರ ಮೇಲಿನ ಗುರುತುಗಳನ್ನು ಆಧಾರವಾಗಿಟ್ಟುಕೊಂಡು ಹೇಳಬಲ್ಲವನಾಗಿರಬೇಕು. ಅಂದರೆ ಇದು ಓದುವ ವಸ್ತು, ಮರದಲ್ಲಿ ಕೆತ್ತಿದ ದಾಖಲೆಪತ್ರ. ಎಂಬುದ್ಯೆ ಎಂಬ ಸಂಘದ ಸ್ಮೃತಿಧರರು ಮಣಿ, ಚಿಪ್ಪು ಹುದುಗಿಸಿದ ಲುಕಾಸಾ ಹಲಗೆಯ ಮೇಲೆ ಬೆರಳಾಡಿಸುತ್ತ ರಾಜ್ಯದ ಕಥೆ ಹೇಳುತ್ತಿದ್ದರಲ್ಲ, ದಂಡವೂ ಅದೇ ಬಳಗಕ್ಕೆ ಸೇರಿದ್ದು. ಲುಕಾಸಾ ಇಡೀ ರಾಜ್ಯದ ಕಥೆ ಹೇಳಿದರೆ ಕಿಬಾಂಗೊ ಹೇಳುವುದು ಒಂದು ಮನೆತನದ ಕಥೆ.

ಭಾಗಗಳನ್ನು ಬಿಡಿಸಿ ನೋಡೋಣ. ಉದ್ದ ಸಾಮಾನ್ಯವಾಗಿ 1 ಮೀಟರಿನಿಂದ 1.7 ಮೀಟರ್. ತುದಿಯಲ್ಲಿ ಒಂದು ಹೆಣ್ಣುರೂಪ, ಅಥವಾ ಒಂದಕ್ಕೊಂದು ಅಂಟಿದಂತಿರುವ ಜೋಡಿ. ಅದರ ಕೆಳಗೆ ವಜ್ರಾಕೃತಿಯಲ್ಲೋ ಎರಡು ತ್ರಿಕೋನ ಸೇರಿಸಿದಂತೆಯೋ ಅಗಲವಾಗುವ ಹಲಗೆ, ಕೆಲವು ದಂಡಗಳಲ್ಲಿ ಎರಡು ಹಲಗೆ. ಇದಕ್ಕೆ ಡಿಬುಲು ಎನ್ನುತ್ತಾರೆ. ಇದು ಆಡಳಿತದ ಕೇಂದ್ರವನ್ನು, ಅಧಿಕಾರ ನೆಲೆಸಿದ ಊರನ್ನು ಸೂಚಿಸುತ್ತದೆ. ಡಿಬುಲುವಿನ ಮೇಲೆ, ಕೆಳಗೆ ಇರುವ ಬೋಳು ಕೋಲು ಜನವಸತಿ ಇಲ್ಲದ ಹುಲ್ಲುಗಾಡು, ಊರಿಂದೂರಿಗೆ ಹೋಗುವ ದಾರಿ. ಕೆತ್ತನೆ ಇಲ್ಲದ ಜಾಗ ಕುಶಲಕರ್ಮಿಯ ಸೋಮಾರಿತನ ಎಂದುಕೊಂಡವರು ದಂಡದ ಅರ್ಧ ಅರ್ಥವನ್ನೇ ಕಳೆದುಕೊಂಡಂತೆ. ಅಗ್ಗದ ನಕಲುಗಳು ಸಿಕ್ಕಿಬೀಳುವುದೂ ಇಲ್ಲೇ. ‘ಖಾಲಿ ಕಾಣುತ್ತದೆ’ ಎಂದು ಕೋಲಿನುದ್ದಕ್ಕೂ ಅಡ್ಡಗೆರೆ, ಹಾವಿನ ಸುರುಳಿ, ಇನ್ನೆರಡು ಮುಖ ಕೆತ್ತಿ ತುಂಬಿಸಿಬಿಡುತ್ತಾರೆ. ಗೋಡೆಗೆ ಒರಗಿಸಿಡಲು ಅದು ಚೆಂದವೇ ಇರಬಹುದು. ಓದುವವನಿಗೆ ಮಾತ್ರ ಊರುಗಳು ಒಂದರ ಮೇಲೊಂದು ಬಿದ್ದು ನಡುವೆ ದಾರಿಯೇ ಇಲ್ಲದ ನಕ್ಷೆಯಂತೆ ಕಾಣುತ್ತದೆ.

ಡಿಬುಲುವಿನ ಮೇಲಿನ ರೇಖಾವಿನ್ಯಾಸಗಳು ಹೆಣ್ಣುಗೊಂಬೆಯ ಹೊಟ್ಟೆ, ಸೊಂಟದ ಮೇಲಿನ ಮಚ್ಚೆಗೆರೆಗಳ ನೆಂಟರು. ಲೂಬಾ ಹೆಂಗಸರು ಮೈಮೇಲೆ ಚುಚ್ಚಿ, ಸೀಳಿ ಮೂಡಿಸಿಕೊಳ್ಳುತ್ತಿದ್ದ ಈ ಗುರುತುಗಳಿಗೆ ಎನ್‌ಟಾಪೊ ಎಂದು ಹೆಸರು. ಮೈಮೇಲೂ ಮರದ ಮೇಲೂ ಒಂದೇ ಲಿಪಿ. ಆದ್ದರಿಂದ ಗೊಂಬೆಯ ಮೈಮೇಲೆ ಒಂದು ಬಗೆ, ಹಲಗೆಯ ಮೇಲೆ ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಬಗೆಯ ಗೆರೆ ಕಂಡರೆ ಕೆತ್ತಿದವನು ಎರಡು ಬೇರೆ ಫೋಟೋ ನೋಡಿ ಕೆಲಸ ಮಾಡಿದ್ದಾನೆ ಎಂದು ಅನುಮಾನಿಸಬಹುದು.

ಗೊಂಬೆಯ ಕೈಗಳು ಎದೆಯ ಮೇಲಿರುವುದನ್ನು ಮಾರಾಟದ ವಿವರಣೆಗಳು ‘ಫಲವಂತಿಕೆಯ ದೇವತೆ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತವೆ. ಇದು ಈ ಮಾರುಕಟ್ಟೆಯ ಅತಿ ಹಳೆಯ, ಅತಿ ಸೋಮಾರಿ ಸುಳ್ಳು. ಅರಸೊತ್ತಿಗೆಯ ಗುಟ್ಟುಗಳು, ಬಿಜಿಲಾ ಎಂಬ ನಿಷೇಧ ನಿಯಮಗಳು ಹೆಣ್ಣಿನ ಎದೆಯೊಳಗೆ ಸುರಕ್ಷಿತವಾಗಿವೆ ಎಂಬುದು ಆ ಭಂಗಿಯ ಮಾತು. ಅರಸನ ಆತ್ಮದಂಥ ಬಲವಾದದ್ದನ್ನು ತಾಳಿಕೊಳ್ಳಲು ಹೆಣ್ಣುದೇಹಕ್ಕೆ ಮಾತ್ರ ಸಾಧ್ಯ ಎಂಬುದು ಲೂಬಾ ನಂಬಿಕೆ. ಅರಸ ಸತ್ತ ಮೇಲೆ ಅವನ ರಾಜಧಾನಿ ಕಿತೆಂಟಾ ಎಂಬ ಆತ್ಮಸ್ಥಾನವಾಗುತ್ತಿತ್ತು. ಅಲ್ಲಿ ಮ್ವಾದಿ ಎಂಬ ಹೆಣ್ಣಿನ ಮೈಯಲ್ಲಿ ಅವನ ಆತ್ಮ ನೆಲೆಸುತ್ತಿತ್ತು, ಹೊಸ ಅರಸ ಅವಳಿಗೆ ಕಾಣಿಕೆ ಒಪ್ಪಿಸುತ್ತಿದ್ದ. ಗಂಡಸಿನ ಅಧಿಕಾರದಂಡದ ತುದಿಯಲ್ಲಿ ಹೆಣ್ಣು ನಿಂತಿರುವುದರ ಹಿಂದೆ ಇಷ್ಟೆಲ್ಲ ಇದೆ.

ಇನ್ನು ಒಂದೊಂದೇ ಸರಕಿನ ಗುಣದೋಷ.

ಅಗ್ಗದ ಕೋಲಿನಲ್ಲಿ ಮೊದಲು ಕುಗ್ಗುವುದು ಡಿಬುಲು. ಇದಕ್ಕೆ ಮರದ ಲೆಕ್ಕಾಚಾರವೇ ಕಾರಣ. ಅಸಲು ದಂಡ ತಲೆಯಿಂದ ಬುಡದವರೆಗೆ ಒಂದೇ ಮರದ ತುಂಡು. ಹಲಗೆ 12 ಸೆಂಟಿಮೀಟರ್ ಅಗಲ ಬೇಕಿದ್ದು ಕೋಲು 3 ಸೆಂಟಿಮೀಟರ್ ದಪ್ಪ ಇದ್ದರೂ, ಹಲಗೆಯಷ್ಟೇ ಅಗಲದ ತುಂಡಿನಿಂದ ಕೆಲಸ ಶುರುವಾಗಬೇಕು. ಬಹುಪಾಲು ಮರ ಬಾಚಿಯ ಏಟಿಗೆ ಚಕ್ಕೆಯಾಗಿ ನೆಲ ಸೇರುತ್ತದೆ. ಮರದ ನಡುದಿಂಡು ಕೋಲಿನೊಳಗೆ ಉಳಿದರೆ ಒಣಗುವಾಗ ಅಲ್ಲಿಂದಲೇ ಹೊರಮೈವರೆಗೆ ಸೀಳು ಬಿಡುತ್ತದೆ. ಅದನ್ನು ತಪ್ಪಿಸಲು ದಿಂಡಿನ ಪಕ್ಕದ ಚೇಗನ್ನು ಮಾತ್ರ ಸೀಳಿ ತೆಗೆಯಬೇಕು, ಅದಕ್ಕೆ ದಪ್ಪ ಮರವೇ ಬೇಕು. ಇಷ್ಟು ಮರ, ಇಷ್ಟು ಸಮಯ ಅಗ್ಗದ ಬೆಲೆಗೆ ಎಲ್ಲಿ ಗಿಟ್ಟೀತು? ಹಲಗೆಯನ್ನು 5–6 ಸೆಂಟಿಮೀಟರಿಗೆ ಇಳಿಸುತ್ತಾರೆ, ಇಲ್ಲವೇ ಬೇರೆ ತುಂಡು ಮಾಡಿ ಅಂಟಿಸುತ್ತಾರೆ. ಸೂಟ್‌ಕೇಸಿನಲ್ಲಿ ಹಿಡಿಸಲೆಂದು ಇಡೀ ಕೋಲನ್ನು ಎರಡು ಮೂರು ತುಂಡು ಮಾಡಿ ತಿರುಪು ಹಾಕುವುದೂ ಉಂಟು.

ಪತ್ತೆ ಕಷ್ಟವಲ್ಲ. 10 ಪಟ್ಟು ಹಿಗ್ಗಿಸುವ ಮಸೂರದಲ್ಲಿ ಗೊಂಬೆಯ ಪಾದದ ಕೆಳಗೆ, ಹಲಗೆ ಶುರುವಾಗುವ ಕಡೆ ಮತ್ತು ಮುಗಿಯುವ ಕಡೆ ಮರದ ಎಳೆ ಹಿಡಿದು ನೋಡಿ. ಒಂದೇ ತುಂಡಾದರೆ ಎಳೆ ಬಾಗಿದರೂ ಕಡಿಯುವುದಿಲ್ಲ. ಅಡ್ಡಗೆರೆಯ ಪಟ್ಟಿಯೊಂದು ಸರಿಯಾಗಿ ಕೂಡುವ ಜಾಗದಲ್ಲೇ ಬಂದಿದ್ದರೆ ಅದರ ಕೆಳಗೆ ಬೆಸುಗೆ ಇದೆಯೇ ಎಂದು ಎರಡು ಸಲ ನೋಡಿ. ಬಣ್ಣದ ವಿಷಯವೂ ಅಷ್ಟೇ. ಬೂಟ್ ಪಾಲಿಶ್, ಪೊಟ್ಯಾಶಿಯಂ ಪರ್ಮಾಂಗನೇಟ್, ಹೊಗೆ ಇವುಗಳಿಂದ ಬಂದ ಕಪ್ಪು ತಗ್ಗಿನಲ್ಲೂ ಉಬ್ಬಿನಲ್ಲೂ ಒಂದೇ ಸಮ ಇರುತ್ತದೆ. ಕೈ ಬಳಕೆಯಿಂದ ಬಂದ ಮೆರುಗು ಹಾಗಿರುವುದಿಲ್ಲ. ಮೂಗು, ಮೊಣಕೈ, ಹಲಗೆಯ ಅಂಚು ನಯವಾಗಿ ಹೊಳೆಯುತ್ತವೆ, ಗೆರೆಯ ತಗ್ಗುಗಳಲ್ಲಿ ಎಣ್ಣೆ ಮತ್ತು ಧೂಳು ಕಟ್ಟಿ ಗಟ್ಟಿಯಾಗಿರುತ್ತದೆ. ಸವೆತವನ್ನೂ ನಕಲು ಮಾಡುತ್ತಾರೆ, ಸ್ಯಾಂಡ್‌ಪೇಪರಿನಿಂದ. ಆದರೆ ಅದರ ಗೀರುಗಳು ಒಂದೇ ದಿಕ್ಕಿಗೆ ಸಾಲಾಗಿ ಬಿದ್ದಿರುತ್ತವೆ, ಮಸೂರದಡಿ ಎದ್ದು ಕಾಣುತ್ತವೆ.

ಇಷ್ಟಾಗಿ ಈ ಕೋಲುಗಳನ್ನು ಕೊಳ್ಳಲೇಬಾರದೇ? ಅಲಂಕಾರಕ್ಕೆ ಕೊಳ್ಳಿ, ತಪ್ಪೇನಿಲ್ಲ. ಅದನ್ನು ಕಿಬಾಂಗೊ ಎಂದು ಕರೆಯಬೇಡಿ, ಅಷ್ಟೆ.

ಹೆಸರಿನ ಗೊಂದಲವನ್ನೂ ಇಲ್ಲೇ ಮುಗಿಸಿಬಿಡಬೇಕು. ‘ಲೂಬಾ ರಾಜದಂಡ’ ಎಂಬ ಚೀಟಿ ಅಂಟಿಸಿ ಬೇರೆಯದೇ ವಸ್ತು ಮಾರುವುದು ದಿನನಿತ್ಯದ ಮಾತು. ಹಿಡಿಯ ಮೇಲೆ ಹೆಣ್ಣುತಲೆ ಇರುವ, ನಾಯಕರು ಹೆಗಲಿಗೇರಿಸಿಕೊಳ್ಳುತ್ತಿದ್ದ ಉತ್ಸವದ ಕೊಡಲಿ ದಂಡವಲ್ಲ. ಉದ್ದದ ಕಬ್ಬಿಣದ ಕಾಲಿನ ಮೇಲೆ ಮೂರು ಕವಲು ಚಾಚಿದ್ದು ಬಿಲ್ಲು ಇಡುವ ಸ್ತಂಭ. ಪೂರ್ವದಿಂದ ಬಂದ ಬೇಟೆಗಾರ, ಲೂಬಾ ಅರಸುಮನೆತನದ ಮೂಲಪುರುಷ ಎಂಬಿದಿ ಕಿಲುವೆಯ ಬಿಲ್ಲಿನ ನೆನಪು ಅದು. ಅದನ್ನು ಹೆಣ್ಣೊಬ್ಬಳ ಕಾವಲಿನಲ್ಲಿ ಒಳಗೇ ಇಡುತ್ತಿದ್ದರು, ಕಿಬಾಂಗೊದಂತೆ ಜನರೆದುರು ತರುತ್ತಿರಲಿಲ್ಲ. ಎರಡು ಕಡೆ ರೆಕ್ಕೆಯಂತೆ ಬಾಗಿದ ದೊಡ್ಡ ಶಿರಸ್ತ್ರಾಣ ತೊಟ್ಟ ಬೇಟೆಗಾರ ನಾಯಕ ತುದಿಯಲ್ಲಿದ್ದರೆ ಅದು ಚೊಕ್ವೆ ಜನರದ್ದು. ಅಲ್ಲಿ ನಿಂತವನು ಐತಿಹ್ಯದ ಬೇಟೆಗಾರ, ಲೂಬಾ ಮೂಲದ ಚಿಬಿಂದಾ ಇಲುಂಗಾ ಆಗಿರಬಹುದು, ಹಾಗಂತ ದಂಡ ಲೂಬಾ ಆಗುವುದಿಲ್ಲ. ನೆರೆಯ ಹೆಂಬಾ, ತಾಬ್ವಾ, ಸೊಂಗ್ಯೆ ಜನರ ದಂಡಗಳ ವಿಷಯದಲ್ಲಿ ತಜ್ಞರಿಗೂ ಕಷ್ಟ. ಲೂಬಾ ಅರಸರು ಅಂಚಿನ ನಾಯಕರನ್ನು ಇಂಥ ಲಾಂಛನಗಳ ಮೂಲಕವೇ ತಮ್ಮ ಬಳಗಕ್ಕೆ ಕಟ್ಟಿಹಾಕಿಕೊಳ್ಳುತ್ತಿದ್ದರಿಂದ ಶೈಲಿಯೂ ನೆರೆಹೊರೆಗೆ ಹರಿದುಹೋಗಿದೆ. ಇನ್ನೊಂದು: ಕಸಾಯಿ ಪ್ರದೇಶದ ಲೂಬಾ ಜನ ಬೇರೆ, ಅವರ ಭಾಷೆ ಬೇರೆ. ನಾವು ಮಾತಾಡುತ್ತಿರುವ ದಂಡದ ಪರಂಪರೆ ಕಟಾಂಗಾದ, ಅಂದರೆ ಆಗ್ನೇಯ ಕಾಂಗೋದ, ಲೂಬಾ ಜನರದ್ದು. ಮಾರುವವನಿಗೆ ಈ ಎರಡರ ವ್ಯತ್ಯಾಸವೇ ಗೊತ್ತಿಲ್ಲದಿದ್ದರೆ ಅವನು ಹೇಳುವ ಮಿಕ್ಕ ಕಥೆಯನ್ನೂ ಅದೇ ತಕ್ಕಡಿಯಲ್ಲಿ ತೂಗಿ.

ಹಳೆಯ ದಂಡದ ಪರೀಕ್ಷೆ ನಿಜಕ್ಕೂ ರೋಚಕವಾಗುವುದು ಲೋಹದಲ್ಲಿ. ಕಟಾಂಗಾ ತಾಮ್ರದ ನಾಡು. ಕೋಲಿಗೆ ತಾಮ್ರದ ತಂತಿ ಅಥವಾ ತೆಳು ಪಟ್ಟಿ ಸುತ್ತುವುದು, ಬುಡಕ್ಕೆ ಕಬ್ಬಿಣದ ಮೊನೆ ತೊಡಿಸುವುದು ರೂಢಿ. ಹೊಳಪಿಗಷ್ಟೇ ಅಲ್ಲ, ದಂಡಕ್ಕೆ ಶಕ್ತಿ ತುಂಬುವ ವಿಧಿಯಲ್ಲೂ ಲೋಹಕ್ಕೆ ಪಾಲಿತ್ತು. ಕಮ್ಮಾರಿಕೆ ಲೂಬಾ ಅರಸೊತ್ತಿಗೆಯ ಬೆನ್ನೆಲುಬು. ಹೆಂಗಸರ ಕೇಶಾಲಂಕಾರದ ಕಬ್ಬಿಣದ ಪಿನ್ನುಗಳೂ ಕಮ್ಮಾರನ ಅಡಿಗಲ್ಲಿನ ಆಕಾರದಲ್ಲಿ ಇರುತ್ತಿದ್ದವು ಎಂದಮೇಲೆ ಲೋಹದ ಮಾನ ಎಷ್ಟಿತ್ತೆಂದು ಊಹಿಸಬಹುದು.

ತಾಮ್ರದ ಸುತ್ತು ಸಡಿಲವಾಗಿದ್ದರೆ ಕೊಳ್ಳುವವರು ಗಾಬರಿಯಾಗುತ್ತಾರೆ. ಆಗಬೇಕಿಲ್ಲ. ಮರ ಒಣಗುತ್ತ ಅಡ್ಡಳತೆಯಲ್ಲಿ ಕುಗ್ಗುತ್ತದೆ, ತಾಮ್ರ ಕುಗ್ಗುವುದಿಲ್ಲ. ತೇವದ ನಾಡಿನಿಂದ ಬಿಸಿಗಾಳಿ ಹಾಯಿಸಿದ ಕೋಣೆಗೆ ಬಂದ ದಂಡದಲ್ಲಿ ಸುತ್ತು ಸಡಿಲವಾಗುವುದು ಸಹಜ. ಅಂಟು ಹಾಕಿ ಬಿಗಿಯಾಗಿ ಕೂರಿಸಿದ ಸುತ್ತೇ ಹೆಚ್ಚು ಅನುಮಾನಾಸ್ಪದ. ಸಡಿಲ ಸುತ್ತನ್ನು ಬೆರಳಿನಿಂದ ಒಂದು ಮಿಲಿಮೀಟರ್ ಸರಿಸಲು ಬಂದರೆ ಕೆಳಗಿನ ಮರ ನೋಡಿ: ಕೈ ಸೋಕದ ಆ ಪಟ್ಟಿ ಸುತ್ತಲಿನ ಮರಕ್ಕಿಂತ ತಿಳಿಯಾಗಿ, ಕೆಲವು ಕಡೆ ತಾಮ್ರದ ಹಸಿರು ಕುಡಿದು ಇರಬೇಕು. ಅಲ್ಲೂ ಅದೇ ಪಾಲಿಶ್ ಕಪ್ಪು ಇದ್ದರೆ ಬಣ್ಣ ಹಚ್ಚಿದ ಮೇಲೆ ತಂತಿ ಸುತ್ತಿದ್ದಾರೆ ಎಂದರ್ಥ. ತಂತಿಯ ದಪ್ಪ ಒಂದೇ ಸಮ ಇರುವುದನ್ನು ಮಾತ್ರ ನಕಲಿಯ ಪುರಾವೆ ಎಂದುಕೊಳ್ಳಬೇಡಿ. ಕಟಾಂಗಾದಲ್ಲಿ ತಾಮ್ರದ ತಂತಿ ಎಳೆಯುವ ಕಸುಬು ಹಳೆಯದು, ವ್ಯಾಪಾರದ ತಂತಿಯೂ ಬರುತ್ತಿತ್ತು.

ಮೊನೆ ಇನ್ನೂ ಪ್ರಾಮಾಣಿಕ. ನೆಲಕ್ಕೆ ನೆಟ್ಟ ದಂಡದ ಕಬ್ಬಿಣ ಒಂದು ಮಗ್ಗುಲಿಗೆ ಸವೆದಿರುತ್ತದೆ, ಕಬ್ಬಿಣ ಮರಕ್ಕೆ ತಾಗುವಲ್ಲಿ ನೀಲಿಗಪ್ಪು ಕಲೆ ಹಬ್ಬಿರುತ್ತದೆ. ಮರದೊಳಗಿನ ಒಗರು ಅಂಶ ತುಕ್ಕಿನೊಂದಿಗೆ ಸೇರಿ ಆಗುವ ಕಲೆ ಅದು. ಎಳೆಯ ಉದ್ದಕ್ಕೂ ಒಳಗೆ ಹರಿದಿರುವುದರಿಂದ ಉಜ್ಜಿದರೆ ಹೋಗುವುದಿಲ್ಲ. ಹಳದಿಗೆಂಪು ತುಕ್ಕಿನ ಪುಡಿ ಮೇಲ್ಮೈಯಲ್ಲಷ್ಟೇ ಕೂತಿದ್ದರೆ ಉಪ್ಪುನೀರಿನಲ್ಲೋ ಆಮ್ಲದಲ್ಲೋ ಅದ್ದಿ ಮಾಡಿದ ಮುಪ್ಪು ಇರಬಹುದು. ಮೊನೆಯೇ ಇಲ್ಲದ ಹಳೆಯ ದಂಡಗಳೂ ಉಂಟು, ಎಲ್ಲೋ ಕಳಚಿ ಬಿದ್ದಿರುತ್ತದೆ. ಆಗ ಬುಡದಲ್ಲಿ ಅದು ಕೂತಿದ್ದ ಗುರುತು ಉಳಿದಿರಬೇಕು.

ಕೆಲವು ದಂಡಗಳಲ್ಲಿ ಗೊಂಬೆಯ ನೆತ್ತಿಯ ಮೇಲೆ ಶಕ್ತಿದ್ರವ್ಯ ತುಂಬಲು ಪೊಟರೆ ಇರುತ್ತದೆ. ಟಾರ್ಚ್ ಬಿಟ್ಟು ನೋಡಿ. ಕೈಯಿಂದ ಕೊರೆದದ್ದರ ಗೋಡೆ ಏರುಪೇರು, ತಳ ಓರೆ. ಡ್ರಿಲ್ ಹಾಕಿದ್ದರ ಗೋಡೆ ನೇರ, ತಳದಲ್ಲಿ ಶಂಕುವಿನಾಕಾರದ ತಗ್ಗು.

ಪ್ರಯೋಗಾಲಯದ ಪತ್ರ ತೋರಿಸಿ ಬೆಲೆ ಏರಿಸುವವರ ಬಗ್ಗೆ ಒಂದು ಮಾತು. ಕಾರ್ಬನ್-14 ಪರೀಕ್ಷೆ ಹೇಳುವುದು ಮರ ಬೆಳೆದ ಕಾಲವನ್ನು, ಕೆತ್ತಿದ ಕಾಲವನ್ನಲ್ಲ. ಹಳೆಯ ತೊಲೆಯಿಂದ ನಿನ್ನೆ ಕೆತ್ತಿದರೂ ಹಳೆಯ ಉತ್ತರವೇ ಬರುತ್ತದೆ. ಸುಮಾರು 1650ರಿಂದ 1950ರ ನಡುವೆ, ಅಳತೆಯನ್ನು ವರ್ಷಕ್ಕೆ ಪರಿವರ್ತಿಸುವ ವಕ್ರರೇಖೆ ಏರಿಳಿತ ತುಂಬಿದ್ದು, ಉತ್ತರ ಒಂದೇ ಕಾಲಕ್ಕೆ ಗಟ್ಟಿಯಾಗಿ ನಿಲ್ಲುವುದಿಲ್ಲ. ಮಾರಾಟಕ್ಕಿರುವ ಲೂಬಾ ದಂಡಗಳ ಬಗ್ಗೆ ಹೇಳಿಕೊಳ್ಳುವ ಕಾಲವೂ ಸಾಮಾನ್ಯವಾಗಿ ಇದರೊಳಗೇ ಬರುತ್ತದೆ. ಈ ಪರೀಕ್ಷೆ ನಿಜವಾಗಿ ಉಪಯೋಗಕ್ಕೆ ಬರುವುದು ಉಲ್ಟಾ ದಿಕ್ಕಿನಲ್ಲಿ. 1950ರ ದಶಕದ ನಡುವಿನಿಂದ ಅಣುಬಾಂಬ್ ಪರೀಕ್ಷೆಗಳು ಗಾಳಿಗೆ ಸೇರಿಸಿದ ಕಾರ್ಬನ್ ಮರದಲ್ಲಿ ಸಿಕ್ಕರೆ ದಂಡ ಅದಕ್ಕಿಂತ ಈಚಿನದು ಎಂದು ಖಚಿತ. ನೇರಳಾತೀತ ಟಾರ್ಚಿನಡಿ ಅರಗಿನ ಲೇಪ ಕಿತ್ತಳೆಯಾಗಿ ಹೊಳೆಯುತ್ತದೆ. ಅದೂ ನಕಲಿಯ ಪುರಾವೆಯಲ್ಲ, ಹಳೆಯ ಯುರೋಪಿಯನ್ ವ್ಯಾಪಾರಿಗಳು ಅಸಲು ವಸ್ತುಗಳಿಗೂ ಅರಗು ಬಳಿದಿದ್ದಾರೆ.

ಕೆತ್ತನೆಗಿಂತ ಕಾಗದಪತ್ರ ಹೆಚ್ಚು ಮುಖ್ಯ. ಸಾಂಸ್ಕೃತಿಕ ವಸ್ತುಗಳ ಅಕ್ರಮ ಸಾಗಾಟದ ವಿರುದ್ಧದ ಯುನೆಸ್ಕೊ ಒಪ್ಪಂದ 1970ರದ್ದು. ಅದಕ್ಕೂ ಮೊದಲೇ ದಂಡ ಕಾಂಗೋದಿಂದ ಹೊರಬಂದಿತ್ತು ಎನ್ನಲು ಫೋಟೋ, ಹಳೆಯ ಪಟ್ಟಿ, ಪ್ರದರ್ಶನದ ದಾಖಲೆ ಏನಾದರೂ ಬೇಕು. ‘ಮಿಷನರಿ ಕುಟುಂಬದಿಂದ ಬಂದದ್ದು’ ಎಂಬ ಬಾಯಿಮಾತು ದಾಖಲೆಯಲ್ಲ. 1976ರಿಂದ 1982ರ ನಡುವೆ, ಹಿಂದೆ ಕಾಂಗೋವನ್ನು ಆಳಿದ್ದ ಬೆಲ್ಜಿಯಂ ಅಲ್ಲಿನ ರಾಜಧಾನಿ ಕಿನ್ಶಾಸಾದ ಸಂಗ್ರಹಾಲಯಕ್ಕೆ 114 ವಸ್ತುಗಳನ್ನು ಕೊಟ್ಟಿತು. ಮುಂದಿನ ವರ್ಷಗಳಲ್ಲಿ ಅವುಗಳಲ್ಲಿ ಕೆಲವು ಮಾರುಕಟ್ಟೆಯಲ್ಲಿ ತಲೆಯೆತ್ತಿದವು. ಹಾಗಾಗಿ ಕೋಲಿನ ಬುಡದಲ್ಲಿ, ಹಲಗೆಯ ಹಿಂಭಾಗದಲ್ಲಿ ಸಂಗ್ರಹಾಲಯ ಬರೆದ ಬಿಳಿ ಬಣ್ಣದ ಸಂಖ್ಯೆ ಕೆರೆದು ಅಳಿಸಿದ ಗುರುತು ಇದ್ದರೆ ಅಲ್ಲಿಂದ ಎದ್ದುಬನ್ನಿ. ವಸಾಹತು ಕಾಲದಲ್ಲಿ ಅಕ್ರಮವಾಗಿ ತಂದ ವಸ್ತುಗಳನ್ನು ಹಿಂದಿರುಗಿಸಲು ಬೆಲ್ಜಿಯಂ 2022ರಲ್ಲಿ ಕಾನೂನು ಮಾಡಿದೆ. ಅದು ಸರ್ಕಾರದ ಸಂಗ್ರಹಗಳಿಗೆ ಅನ್ವಯಿಸುವುದಾದರೂ ಖಾಸಗಿ ಮಾರುಕಟ್ಟೆಯ ಪ್ರಶ್ನೆಗಳನ್ನೂ ಬಿಗಿಗೊಳಿಸಿದೆ. ಕಾಗದವಿಲ್ಲದ ಹಳೆಯ ದಂಡ ಎಷ್ಟೇ ಚೆಂದವಿದ್ದರೂ ನಮ್ಮ ಲೆಕ್ಕದಲ್ಲಿ ಕೊಳ್ಳಲು ತಕ್ಕದ್ದಲ್ಲ.

ಮೂರರಲ್ಲಿ ಕೊಟ್ಟ ಹಣಕ್ಕೆ ಹೆಚ್ಚು ಸಿಗುವುದು ನಡುವಿನದರಲ್ಲಿ, ಅಂದರೆ ಹೊಸದೆಂದು ಒಪ್ಪಿಕೊಂಡೇ ಮಾಡಿಸಿದ ಪ್ರತಿಕೃತಿಯಲ್ಲಿ. ಮಾಡಿಸುವಾಗ ಗೊಂಬೆಯ ಫೋಟೋ ಕೊಟ್ಟು ಸುಮ್ಮನಾಗಬೇಡಿ. ಪೂರ್ತಿ ದಂಡದ ಮುಂದಿನ, ಹಿಂದಿನ, ಮಗ್ಗುಲಿನ ಚಿತ್ರ ಮೂರೂ ಕೊಡಿ. ಉದ್ದ 140 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಗೊಂಬೆ ಮತ್ತು ಹಲಗೆ ಸೇರಿ ಮೇಲಿನ ಅರ್ಧ ಮೀರದಿರಲಿ, ಕೆಳಗಿನ ಬೋಳು ಕೋಲು ಉಳಿಯಲಿ. ಹಲಗೆ 10–12 ಸೆಂಟಿಮೀಟರ್ ಅಗಲ, ಅಂಚಿನಲ್ಲಿ 2 ಸೆಂಟಿಮೀಟರಿಗಿಂತ ತೆಳು ಬೇಡ. ನೇರ ಎಳೆಯ, ಗಂಟಿಲ್ಲದ, ಒಣಗಿಸಿದ ಚೇಗು ಬೇಕು. ಹಸಿಮರದಲ್ಲಿ ಕೆತ್ತಿದರೆ ಗೆರೆ ಸಲೀಸಾಗಿ ಬರುತ್ತದೆ ನಿಜ, ಆದರೆ ಹಲಗೆಯೂ ಕೋಲೂ ಕೂಡುವಲ್ಲಿ ತೆಳು ಭಾಗ ಬೇಗ, ದಪ್ಪ ಭಾಗ ನಿಧಾನ ಒಣಗಿ ಅಲ್ಲೇ ಬಿರುಕು ಬಿಡುತ್ತದೆ. ಶಂಕಾದಿ ಎಂಬ ಲೂಬಾ ಉಪಶೈಲಿಯ, ಜಲಪಾತದಂತೆ ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ಕೇಶವೋ, ಹಿಂದಲೆಯಲ್ಲಿ ಶಿಲುಬೆಯಾಕಾರದ ಕೇಶವೋ ಒಂದನ್ನೇ ಆರಿಸಿ. ಎರಡನ್ನೂ ಬೆರೆಸಿದರೆ ಅದು ಯಾವ ಊರಿನದೂ ಆಗುವುದಿಲ್ಲ.

ಮನೆಗೆ ಬಂದ ಮೇಲೆ ಕೆಡುವುದು ಬಹುತೇಕ ಪ್ರೀತಿಯಿಂದಲೇ. ಎಣ್ಣೆ ಹಚ್ಚಿ ಒರೆಸುವವರಿದ್ದಾರೆ. ಎಣ್ಣೆಯ ಕೊಬ್ಬಿನಾಮ್ಲ ತಾಮ್ರದೊಂದಿಗೆ ಸೇರಿ ಮೇಣದಂಥ ಹಸಿರು ಕಿಲುಬು ಕಟ್ಟುತ್ತದೆ, ಒರೆಸಿದಷ್ಟೂ ಮರಳುತ್ತದೆ. ಒಣ ಮೆತ್ತನೆಯ ಕುಂಚ ಸಾಕು. ಗಾಳಿಯ ತೇವ ಶೇಕಡಾ 45ರಿಂದ 55ರ ಒಳಗೆ ಏರುಪೇರಿಲ್ಲದೆ ಇರಲಿ, ನೇರ ಬಿಸಿಲು ಬೇಡ. ಬುಡದಲ್ಲಿ ಹಿಟ್ಟಿನಂಥ ಮರದ ಪುಡಿ ಉದುರಿದ್ದರೆ ಕೊರಕ ಹುಳ ಬದುಕಿರಬಹುದು. ಲೋಹ, ಮಣಿ ಇಲ್ಲದ ಹೊಸ ಕೋಲನ್ನು ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಸುತ್ತಿ ಮೈನಸ್ 20 ಡಿಗ್ರಿಯಲ್ಲಿ ಒಂದೆರಡು ವಾರ ಇಟ್ಟರೆ ಸಾಯುತ್ತದೆ. ತಾಮ್ರ ಸುತ್ತಿದ ಹಳೆಯದಕ್ಕೆ ಆಮ್ಲಜನಕ ತೆಗೆದ ಚೀಲದಲ್ಲಿ ಕೆಲವು ವಾರ ಇಡುವ ವಿಧಾನವೇ ಸುರಕ್ಷಿತ, ಅದನ್ನು ಸಂರಕ್ಷಣಾ ತಜ್ಞರಿಗೆ ಬಿಡಿ. ಹಳೆಯ ಸಂಗ್ರಹಾಲಯಗಳಿಂದ ಬಂದದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ, ಹುಳಕ್ಕೆಂದು ಹಿಂದೆ ಆರ್ಸೆನಿಕ್ ಬಳಿಯುತ್ತಿದ್ದರು.

ನಿಲ್ಲಿಸುವಾಗ ಭಾರವನ್ನೆಲ್ಲ ಕಬ್ಬಿಣದ ಮೊನೆಯ ಮೇಲೆ ಹಾಕಬೇಡಿ. ಹಲಗೆಯ ಕೆಳಗೊಂದು, ಬುಡದಿಂದ ಒಂದು ಗೇಣು ಮೇಲೊಂದು ಮೆತ್ತೆ ಸುತ್ತಿದ ಹಿಡಿಕೆ ಕೊಡಿ. ಎತ್ತುವಾಗ ಗೊಂಬೆಯ ಕುತ್ತಿಗೆ ಹಿಡಿಯದೆ ಕೋಲಿಗೆ ಎರಡೂ ಕೈ ಹಾಕಿ. ಗೋಡೆಗೆ ಅಂಟಿಸಿ ನಿಲ್ಲಿಸಿದರೆ ಡಿಬುಲುವಿನ ಹಿಂಭಾಗ ಮುಚ್ಚಿಹೋಗುತ್ತದೆ, ಅಲ್ಲೂ ಗೆರೆಗಳಿರುತ್ತವೆ. ಒಬ್ಬರು ಹಿಂದೆ ಹೋಗಿ ನೋಡುವಷ್ಟು ಜಾಗ ಬಿಡಿ.